ಹಾಕಿಸಿದ ರ‍್ಯಾಮ್ ಎಲ್ಲಿ ಹೋಯಿತು?

ಗಣಕ ಪ್ರಶ್ನೋತ್ತರ

ಈ ಬಾರಿ ಬಂದ ಪತ್ರಗಳಲ್ಲಿ ಹೆಚ್ಚಿನವು ಒಂದೇ ದೂರನ್ನು ಬೇರೆ ಬೇರೆ ಬಗೆಯಲ್ಲಿ ಹೇಳುತ್ತವೆ: ದುಡ್ಡು ಕೊಟ್ಟು ಹಾಕಿಸಿದ ರ‍್ಯಾಮ್ ಪೂರ್ತಿಯಾಗಿ ಕಾಣುತ್ತಿಲ್ಲ. ಉಳಿದ ಪ್ರಶ್ನೆಗಳನ್ನು ಮುಂದಿನ ಸಂಚಿಕೆಗೆ ಎತ್ತಿಟ್ಟು ಇವನ್ನೇ ಒಟ್ಟಿಗೆ ತೆಗೆದುಕೊಂಡಿದ್ದೇನೆ. ಓದುವ ಮುನ್ನ ಒಂದು ವಿನಂತಿ. ಕಾರಣ ತಿಳಿಯುವವರೆಗೆ ಹೊಸ ರ‍್ಯಾಮ್ ಕೊಳ್ಳಬೇಡಿ, ಇರುವುದು ಕೆಟ್ಟಿದೆ ಎಂದು ಮಾರಲೂ ಹೋಗಬೇಡಿ. ನನ್ನ ರಿಪೇರಿ ಮೇಜಿಗೆ ಈ ದೂರು ಹೊತ್ತು ಬಂದ ಯಂತ್ರಗಳಲ್ಲಿ ರ‍್ಯಾಮ್ ಪಟ್ಟಿಯೇ (ಸ್ಲಾಟಿಗೆ ಸಿಕ್ಕಿಸುವ ಚಿಪ್ಪುಗಳ ಹಲಗೆ) ಕೆಟ್ಟಿದ್ದುದು ಅಪರೂಪ.

ಪ್ರಶ್ನೆ: ಮೇಡಂ, ಶಿರಸಿಯಲ್ಲಿ ಸಣ್ಣ ಡಿಟಿಪಿ ಕೇಂದ್ರ ನಡೆಸುತ್ತಿದ್ದೇನೆ. ಲಗ್ನಪತ್ರಿಕೆ, ಯಕ್ಷಗಾನದ ಕರಪತ್ರ, ಸೊಸೈಟಿಯ ವಾರ್ಷಿಕ ವರದಿ, ಎಲ್ಲವೂ ಪೇಜ್‌ಮೇಕರ್ ಮತ್ತು ನುಡಿಯಲ್ಲೇ. ವಿಂಡೋಸ್ 7, 32 ಬಿಟ್. ನಿಧಾನವೆಂದು 2 ಜಿಬಿ ಇದ್ದ ರ‍್ಯಾಮನ್ನು 4 ಜಿಬಿಗೆ ಏರಿಸಿದೆ. ಈಗ ಸಿಸ್ಟಂ ವಿವರದಲ್ಲಿ ‘4.00 ಜಿಬಿ’ ಎಂದು ಬರೆದು, ಪಕ್ಕದಲ್ಲಿ ಬಳಕೆಗೆ ಸಿಗುವುದು 3.25 ಜಿಬಿ ಎಂದು ತೋರಿಸುತ್ತದೆ. ಇನ್ನೊಂದು 4 ಜಿಬಿ ಹಾಕಿಸಿದರೆ ಸರಿಹೋಗುತ್ತದೆ ಎಂದು ಅಂಗಡಿಯವರು ಹೇಳುತ್ತಾರೆ. ಹಾಕಿಸಲೇ?
– ಡಿಟಿಪಿ ಕೇಂದ್ರದ ಓದುಗರು, ಶಿರಸಿ

ಉತ್ತರ: ಬೇಡ. 8 ಜಿಬಿ ಮಾಡಿಸಿದರೂ ಆ ಪರದೆಯಲ್ಲಿ ನಿಮಗೆ ಸಿಗುವ ಮೆಮೊರಿ ಹೆಚ್ಚುಕಡಿಮೆ ಇಷ್ಟೇ ಇರುತ್ತದೆ. ನಿಮ್ಮ ಪಟ್ಟಿಗಳು ಸರಿಯಾಗಿವೆ, ಅಂಗಡಿಯವರು ಕೊಟ್ಟ ಅಳತೆಯೂ ಸರಿಯಾಗಿದೆ. ಕೊರತೆ ಬಂದಿರುವುದು ವಿಳಾಸಗಳಲ್ಲಿ.

ರ‍್ಯಾಮ್‌ನ ಪ್ರತಿಯೊಂದು ಬೈಟಿಗೂ ಒಂದು ಸಂಖ್ಯೆ ಬೇಕು. ಪ್ರೊಸೆಸರ್ ಆ ಸಂಖ್ಯೆಯನ್ನು ಹೇಳಿಯೇ ಬೈಟನ್ನು ಓದುತ್ತದೆ, ಬರೆಯುತ್ತದೆ. 32 ಬಿಟ್‌ಗಳಲ್ಲಿ ಬರೆಯಬಹುದಾದ ಸಂಖ್ಯೆಗಳು ಒಟ್ಟು 4,29,49,67,296. ಗಣಕದ ಲೆಕ್ಕದಲ್ಲಿ ಇದೇ 4 ಜಿಬಿ. ಹಾಗಿದ್ದರೆ 4 ಜಿಬಿ ರ‍್ಯಾಮ್‌ಗೆ ಸರಿಯಾಗಿ ಸಾಕಾಗಬೇಕಿತ್ತಲ್ಲ ಎಂದು ನೀವು ಕೇಳಬಹುದು. ಆದರೆ ಈ ಸಂಖ್ಯೆಗಳು ರ‍್ಯಾಮ್‌ಗೆ ಮಾತ್ರ ಸೇರಿದ್ದಲ್ಲ. ಗ್ರಾಫಿಕ್ಸ್ ಕಾರ್ಡು, ನೆಟ್‌ವರ್ಕ್ ಚಿಪ್ಪು, ಯುಎಸ್‌ಬಿ ನಿಯಂತ್ರಕ, ಗಣಕವನ್ನು ಎಬ್ಬಿಸುವ ತಂತ್ರಾಂಶವಾದ ಬಯಾಸ್ ಇರುವ ಚಿಪ್ಪು, ಇವೆಲ್ಲವನ್ನೂ ಪ್ರೊಸೆಸರ್ ಮುಟ್ಟುವುದು ಇದೇ ಸಂಖ್ಯೆಗಳ ಮೂಲಕ.

ಹೊಸ ಬಡಾವಣೆಯೊಂದನ್ನು ನೆನೆಸಿಕೊಳ್ಳಿ. ನಕ್ಷೆಯಲ್ಲಿ ಒಟ್ಟು ನೂರು ನಿವೇಶನ ಸಂಖ್ಯೆಗಳಿಗೆ ಮಂಜೂರಾತಿ ಸಿಕ್ಕಿದೆ. ಉದ್ಯಾನ, ನೀರಿನ ಟ್ಯಾಂಕು, ಟ್ರಾನ್ಸ್‌ಫಾರ್ಮರ್, ನಾಗರಿಕ ಸೌಲಭ್ಯದ ಜಾಗ, ಇವಕ್ಕೂ ಆ ನೂರರಲ್ಲೇ ಸಂಖ್ಯೆ ಕೊಡಬೇಕು. ಹತ್ತೊಂಬತ್ತು ಅವಕ್ಕೆ ಹೋದರೆ ಮನೆಗಳಿಗೆ ಉಳಿಯುವುದು ಎಂಬತ್ತೊಂದು. ನೂರು ಮನೆಗಳನ್ನೂ ಕಟ್ಟಿಸಿದ್ದೀರಿ, ಗೋಡೆ ಸೂರು ಎಲ್ಲ ಭದ್ರವಾಗಿದೆ, ಆದರೆ ಹತ್ತೊಂಬತ್ತು ಮನೆಗಳಿಗೆ ಸಂಖ್ಯೆಯೇ ಇಲ್ಲ. ಅಂಚೆಯಣ್ಣ ಅಲ್ಲಿಗೆ ಹೋಗಲಾರ. ನಿಮ್ಮ 4 ಜಿಬಿಯಲ್ಲಿ 3.25 ಎಂದರೆ ಇದೇ ಪ್ರಮಾಣ.

ಆ ಮುಕ್ಕಾಲು ಜಿಬಿಯ ಜಮಾಖರ್ಚನ್ನೂ ಕೊಡುತ್ತೇನೆ. ಪಿಸಿಐ ಎಕ್ಸ್‌ಪ್ರೆಸ್ ಇರುವ ಬೋರ್ಡುಗಳಲ್ಲಿ ಸಾಧನಗಳ ಹೊಂದಾಣಿಕೆಯ ವಿವರ ಓದಿ ಬರೆಯುವುದಕ್ಕೆಂದೇ ಸಾಮಾನ್ಯವಾಗಿ 256 ಎಂಬಿಯಷ್ಟು ವಿಳಾಸಗಳನ್ನು ತೆಗೆದಿಡುತ್ತಾರೆ. ಗ್ರಾಫಿಕ್ಸ್ ಕಾರ್ಡಿನ ಸ್ವಂತ ಮೆಮೊರಿಯನ್ನು ಪ್ರೊಸೆಸರ್ ನೋಡಲು ಬೇಕಾದ ಕಿಟಕಿಗೆ ಬಹುತೇಕ ಇನ್ನೊಂದು 256 ಎಂಬಿ. ಉಳಿದ ಸಾಧನಗಳು, ಅಡಚಣೆ ಸಂಕೇತಗಳನ್ನು ಹಂಚುವ ನಿಯಂತ್ರಕ, 4 ಜಿಬಿಯ ತುತ್ತತುದಿಯಲ್ಲಿ ಕುಳಿತ ಬಯಾಸ್, ಇವೆಲ್ಲ ಸೇರಿ ಮತ್ತೊಂದು ಪಾಲು. 4096ರಲ್ಲಿ 768 ಎಂಬಿ ಕಳೆದರೆ 3328 ಎಂಬಿ. ಅದೇ ನಿಮ್ಮ 3.25 ಜಿಬಿ. ಗ್ರಾಫಿಕ್ಸ್ ಕಾರ್ಡು ದೊಡ್ಡದಾದರೆ 3 ಜಿಬಿಗಿಂತ ಕೆಳಗೂ ಇಳಿಯಬಹುದು, ಕಾರ್ಡೇ ಇಲ್ಲದಿದ್ದರೆ 3.5ರವರೆಗೂ ಏರಬಹುದು. ಒಂದೇ ಅಂಗಡಿಯಲ್ಲಿ ಕೊಂಡ ಎರಡು ಗಣಕಗಳು ಬೇರೆ ಬೇರೆ ಅಂಕಿ ತೋರಿಸುವುದು ಇದಕ್ಕೇ.

ನಾನು ಈ ಕೆಲಸ ಕಲಿತದ್ದು ಡಾಸ್ ಕಾಲದಲ್ಲಿ. ಆಗಲೂ ಇದೇ ಕಥೆ, ಅಂಕಿಗಳು ಮಾತ್ರ ಚಿಕ್ಕವು. 1981ರಲ್ಲಿ ಬಂದ ಐಬಿಎಂ ಪಿಸಿಯಲ್ಲಿದ್ದ ಇಂಟೆಲ್ 8088 ಪ್ರೊಸೆಸರಿಗೆ ಇಪ್ಪತ್ತು ವಿಳಾಸ ತಂತಿಗಳು. ಇಪ್ಪತ್ತು ತಂತಿಗಳಿಂದ 10,48,576 ವಿಳಾಸ, ಅಂದರೆ 1024 ಕೆಬಿ. ಅದರಲ್ಲಿ ಮೇಲಿನ 384 ಕೆಬಿಯನ್ನು ಪರದೆಗೂ ಬಯಾಸ್‌ಗೂ ಐಬಿಎಂ ಎತ್ತಿಟ್ಟಿತು, ಪ್ರೋಗ್ರಾಮುಗಳಿಗೆ ಉಳಿದದ್ದು 640 ಕೆಬಿ. ಮುಂದೆ 286, 386 ಬಂದು ರ‍್ಯಾಮ್ ನಾಲ್ಕು, ಎಂಟು ಎಂಬಿಗೆ ಏರಿದರೂ ಡಾಸ್ ಆ ಗೆರೆಯ ಕೆಳಗೇ ಉಳಿಯಿತು. ಡಾಸ್‌ನ ಒಂದಷ್ಟು ಭಾಗವನ್ನು ಗೆರೆಯಾಚೆಗೆ ಸಾಗಿಸಲು ಕಾನ್ಫಿಗ್ ಕಡತದಲ್ಲಿ ಹೈಮೆಮ್, ಇಎಂಎಂ386 ಸಾಲುಗಳನ್ನು ಹಿಂದೆ ಮುಂದೆ ಜೋಡಿಸಿ, ಹತ್ತು ಕೆಬಿ ಹೆಚ್ಚು ಸಿಕ್ಕರೂ ಸಂಭ್ರಮಪಡುತ್ತಿದ್ದ ದಿನಗಳವು. ಆದ್ದರಿಂದ 3.25 ಜಿಬಿ ಎಂಬ ಅಂಕಿಯನ್ನು ಮೊದಲು ನೋಡಿದಾಗ ನನಗೆ ಆಶ್ಚರ್ಯವಾಗಲಿಲ್ಲ. ಆ 640 ಕೆಬಿ ಗೆರೆಯೇ ದೊಡ್ಡದಾಗಿ ಬೆಳೆದು ಬಂದಂತಿತ್ತು.

ಇದನ್ನು ದಾಟುವ ದಾರಿಯನ್ನು ಇಂಟೆಲ್ 1995ರಲ್ಲೇ ಮಾಡಿಕೊಟ್ಟಿತ್ತು. ಆ ವರ್ಷದ ಪೆಂಟಿಯಂ ಪ್ರೊ ಪ್ರೊಸೆಸರ್ ಭೌತಿಕ ವಿಳಾಸವನ್ನು 36 ಬಿಟ್‌ಗೆ ಹಿಗ್ಗಿಸಿತು. ಅದರಿಂದ 64 ಜಿಬಿಯವರೆಗೆ ಮುಟ್ಟಬಹುದು. ಈ ಸೌಲಭ್ಯಕ್ಕೆ ಪಿಎಇ ಎಂದು ಹೆಸರು. ವಿಂಡೋಸ್‌ನ ಕೆಲವು 32 ಬಿಟ್ ಸರ್ವರ್ ಆವೃತ್ತಿಗಳು ಇದನ್ನು ಬಳಸಿ 4 ಜಿಬಿಗಿಂತ ಹೆಚ್ಚಿನ ರ‍್ಯಾಮ್‌ನಲ್ಲಿ ಕೆಲಸ ಮಾಡಿದವು, 32 ಬಿಟ್ ಲಿನಕ್ಸ್ ಕೂಡ ಮಾಡಿತು. ಮನೆ ಮತ್ತು ಕಚೇರಿಗೆ ಮಾರುವ ವಿಂಡೋಸ್‌ನಲ್ಲಿ ಮಾತ್ರ, 2004ರ ಎಕ್ಸ್‌ಪಿ ಎರಡನೆಯ ಸರ್ವಿಸ್ ಪ್ಯಾಕ್‌ನಿಂದ ಹಿಡಿದು, 4 ಜಿಬಿ ಗೆರೆಯ ಮೇಲಿನ ವಿಳಾಸಗಳನ್ನು ಮುಟ್ಟದಂತೆ ಮೈಕ್ರೋಸಾಫ್ಟ್ ಬೇಲಿ ಹಾಕಿತು. ಆ ಗೆರೆಯಾಚೆಗೆ ವಿಳಾಸ ಇರಬಹುದೆಂದು ಎಣಿಸದೆ ಬರೆದ, ಸಾಧನಗಳನ್ನು ನಡೆಸುವ ತಂತ್ರಾಂಶಗಳಾದ ಡ್ರೈವರ್‌ಗಳು ಮಾರುಕಟ್ಟೆಯಲ್ಲಿ ಬೇಕಾದಷ್ಟಿದ್ದವು, ಅವುಗಳಿಂದ ಯಂತ್ರವೇ ಕುಸಿಯುತ್ತಿತ್ತು. ನೀಲಿ ಪರದೆಯ ಮುಂದೆ ಕುಳಿತ ಗ್ರಾಹಕರನ್ನು ನಾನು ನೋಡಿದ್ದೇನೆ, ಹಾಗಾಗಿ ಆ ಬೇಲಿಯನ್ನು ತಪ್ಪೆನ್ನಲಾರೆ. ಆದರೆ ಬೇಲಿ ಇದೆ ಎಂಬುದನ್ನು ಕೊಳ್ಳುವವರಿಗೆ ಸ್ಪಷ್ಟವಾಗಿ ಹೇಳಬೇಕಿತ್ತು. ಎಕ್ಸ್‌ಪಿ ಕಾಲದಲ್ಲಿ ಪರದೆಯ ಮೇಲೆ ಬರೀ 3.25 ಎಂದು ಬರುತ್ತಿತ್ತು, ಅಂಗಡಿಯವರು ಮೋಸ ಮಾಡಿದರೆಂದು ಜನ ಜಗಳಕ್ಕೆ ಹೋಗುತ್ತಿದ್ದರು. ವಿಸ್ಟಾದ ಮೊದಲ ಸರ್ವಿಸ್ ಪ್ಯಾಕ್‌ನಿಂದ ಹಾಕಿರುವ ಪೂರ್ತಿ ರ‍್ಯಾಮ್ ತೋರಿಸತೊಡಗಿದರು. ಬಳಸಬಹುದಾದ ಅಂಕಿಯನ್ನೂ ಜೊತೆಗೆ ತೋರಿಸಿದ್ದು ವಿಂಡೋಸ್ 7ರಲ್ಲಿ.

ಈಗ ನೀವು ಮಾಡಬೇಕಾದದ್ದು. ನಿಮ್ಮ ಪ್ರೊಸೆಸರ್ ಕೋರ್ 2 ಡ್ಯುಯೊ ಅಥವಾ ಅದರ ನಂತರದ್ದಾಗಿದ್ದರೆ 64 ಬಿಟ್ ವಿಂಡೋಸ್ ನಡೆಯುತ್ತದೆ. ಆದರೆ 32ರಿಂದ 64ಕ್ಕೆ ಇದ್ದ ಜಾಗದಲ್ಲೇ ಏರಿಸಲು ಬರುವುದಿಲ್ಲ, ಹೊಸದಾಗಿ ಸ್ಥಾಪಿಸಬೇಕು. ಅದಕ್ಕೆ ಮೊದಲು, ಪ್ರೊಸೆಸರನ್ನು ಉಳಿದ ಭಾಗಗಳಿಗೆ ಜೋಡಿಸುವ ಮದರ್‌ಬೋರ್ಡಿನ ಚಿಪ್‌ಸೆಟ್ ಯಾವುದೆಂದು ನೋಡಿಕೊಳ್ಳಿ. ಇಂಟೆಲ್ 945 ಆಗಿದ್ದರೆ 64 ಬಿಟ್ ಹಾಕಿದರೂ ಪ್ರಯೋಜನವಿಲ್ಲ. ಸಾಧನಗಳ ವಿಳಾಸದಡಿ ಮುಚ್ಚಿಹೋದ ರ‍್ಯಾಮನ್ನು 4 ಜಿಬಿ ಗೆರೆಯ ಮೇಲಕ್ಕೆ ಎತ್ತಿಡುವ ಶಕ್ತಿ ಆ ಚಿಪ್‌ಸೆಟ್‌ಗೆ ಇಲ್ಲ. 965ರಿಂದ ಮುಂದಿನವುಗಳಲ್ಲಿ ಆ ಶಕ್ತಿಯಿದೆ. ಬಯಾಸ್‌ನಲ್ಲಿ ‘ಮೆಮೊರಿ ರೀಮ್ಯಾಪ್’ ಎಂಬ ಆಯ್ಕೆ ಇದ್ದರೆ ಅದು ಚಾಲನೆಯಲ್ಲಿರಲಿ.

ಇನ್ನೊಂದು ವಿಷಯ ಡಿಟಿಪಿಯವರಿಗೆ ವಿಶೇಷವಾಗಿ ಅನ್ವಯಿಸುತ್ತದೆ. 64 ಬಿಟ್ ವಿಂಡೋಸ್‌ನಲ್ಲಿ 16 ಬಿಟ್ ಪ್ರೋಗ್ರಾಮುಗಳು ನಡೆಯುವುದೇ ಇಲ್ಲ, 32 ಬಿಟ್ ಡ್ರೈವರ್‌ಗಳೂ ಸೇರುವುದಿಲ್ಲ. ಹಳೆಯ ಅಕ್ಷರ ತಂತ್ರಾಂಶಕ್ಕೆ ಪ್ರಿಂಟರ್ ಪೋರ್ಟಿಗೆ ಸಿಕ್ಕಿಸುವ ಡಾಂಗಲ್ (ನಕಲು ತಡೆಯುವ ಬೀಗ) ಇದ್ದರೆ, ಹಳೆಯ ಸ್ಕ್ಯಾನರ್ ಅಥವಾ ಇಮೇಜ್‌ಸೆಟ್ಟರ್ ಇದ್ದರೆ, ಅವಕ್ಕೆ 64 ಬಿಟ್ ಡ್ರೈವರ್ ಸಿಗುತ್ತದೆಯೇ ಎಂದು ಮೊದಲು ಖಚಿತಪಡಿಸಿಕೊಳ್ಳಿ. ಇಲ್ಲದಿದ್ದರೆ ಮುಕ್ಕಾಲು ಜಿಬಿ ಗಳಿಸಲು ಹೋಗಿ ದುಡಿಮೆಯೇ ನಿಂತುಹೋಗುತ್ತದೆ. ನಾಡಿನ ಎಷ್ಟೋ ಮುದ್ರಣಾಲಯಗಳು ಇಂದಿಗೂ 32 ಬಿಟ್ ಬಿಡದೆ ಇರುವುದು ಇದೇ ಕಾರಣಕ್ಕೆ. ಅವರನ್ನು ಹಿಂದುಳಿದವರೆಂದು ಯಾರಾದರೂ ಹೀಗಳೆದರೆ ನನಗೆ ಸಿಟ್ಟು ಬರುತ್ತದೆ. ಮೂವತ್ತು ವರ್ಷದ ಕನ್ನಡ ಪುಟಗಳು ಆ ಯಂತ್ರಗಳಲ್ಲಿ ತೆರೆದುಕೊಳ್ಳುತ್ತವೆ, ಬೇರೆಡೆ ತೆರೆದರೆ ಅಕ್ಷರ ಚೆದುರುತ್ತದೆ.

ನಿಮ್ಮ ನಿಧಾನಕ್ಕೆ ಮದ್ದು ಬೇರೆಯೇ ಇದೆ. ಪೇಜ್‌ಮೇಕರ್ 32 ಬಿಟ್ ತಂತ್ರಾಂಶ. ವಿಂಡೋಸ್ ಅಂಥ ಒಂದೊಂದು ಪ್ರೋಗ್ರಾಮಿಗೂ ಸಾಮಾನ್ಯವಾಗಿ ಕೊಡುವುದು 2 ಜಿಬಿ ವಿಳಾಸ ಮಾತ್ರ, ಲಗ್ನಪತ್ರಿಕೆಗೆ ಅದರಲ್ಲಿ ಸಣ್ಣ ಪಾಲೂ ಬೇಕಾಗುವುದಿಲ್ಲ. ಆ ದುಡ್ಡಿನಲ್ಲಿ ಹಾರ್ಡ್ ಡಿಸ್ಕ್ ತೆಗೆಸಿ ಒಂದು ಎಸ್‌ಎಸ್‌ಡಿ ಹಾಕಿಸಿ. ವ್ಯತ್ಯಾಸ ಮೊದಲ ದಿನವೇ ತಿಳಿಯುತ್ತದೆ. ಜೊತೆಗೆ, ವಿಂಡೋಸ್ 7ಕ್ಕೆ ಭದ್ರತಾ ಪರಿಷ್ಕರಣೆ 2020ರ ಜನವರಿಯಲ್ಲೇ ನಿಂತಿದೆ. ಆ ಗಣಕಕ್ಕೆ ಅಂತರಜಾಲ ಕೊಡಬೇಡಿ, ಇಮೇಲ್ ಕೆಲಸಕ್ಕೆ ಬೇರೆ ಯಂತ್ರ ಇಟ್ಟುಕೊಳ್ಳಿ.

ಪ್ರಶ್ನೆ: ನಾನು ಮೈಸೂರಿನಲ್ಲಿ ಎಂಜಿನಿಯರಿಂಗ್ ಓದುತ್ತಿದ್ದೇನೆ. ಅಪ್ಪ ಕೊಡಿಸಿದ ಹೊಸ ಲ್ಯಾಪ್‌ಟಾಪಿನಲ್ಲಿ ರೈಜನ್ ಪ್ರೊಸೆಸರ್, 8 ಜಿಬಿ ರ‍್ಯಾಮ್, 64 ಬಿಟ್ ವಿಂಡೋಸ್ 11. ಆದರೂ ಬಳಸಬಹುದಾದದ್ದು 5.9 ಜಿಬಿ ಎಂದು ಬರುತ್ತಿದೆ. ಗೆಳತಿಯ ಇಂಟೆಲ್ ಲ್ಯಾಪ್‌ಟಾಪಿನಲ್ಲಿ 7.7 ಜಿಬಿ ಇದೆ. ಒಂದು ವಿಡಿಯೊ ನೋಡಿ ಎಂಎಸ್‌ಕಾನ್ಫಿಗ್‌ನಲ್ಲಿ ‘ಮ್ಯಾಕ್ಸಿಮಮ್ ಮೆಮೊರಿ’ಗೆ ಟಿಕ್ ಹಾಕಬೇಕೆಂದುಕೊಂಡಿದ್ದೇನೆ. ಹಾಕಬಹುದೇ ಮೇಡಂ?
– ವಿದ್ಯಾರ್ಥಿನಿ, ಮೈಸೂರು

ಉತ್ತರ: ದಯವಿಟ್ಟು ಆ ಟಿಕ್ ಹಾಕಬೇಡಮ್ಮ. ವಿಡಿಯೊ ಹೇಳುವುದಕ್ಕೆ ತದ್ವಿರುದ್ಧವಾದ ಕೆಲಸ ಆ ಪೆಟ್ಟಿಗೆಯದು. ಕಡಿಮೆ ರ‍್ಯಾಮ್ ಇರುವ ಯಂತ್ರದಲ್ಲಿ ತಮ್ಮ ತಂತ್ರಾಂಶ ಹೇಗೆ ನಡೆದೀತು ಎಂದು ಪರೀಕ್ಷಿಸುವ ತಂತ್ರಜ್ಞರಿಗಾಗಿ ಅದನ್ನು ಇಟ್ಟಿದ್ದಾರೆ. ಅಲ್ಲಿ ಬರೆದ ಅಂಕಿಗಿಂತ ಹೆಚ್ಚು ಬಳಸಬೇಡ ಎಂದು ವಿಂಡೋಸ್‌ಗೆ ಮಿತಿ ಹಾಕುತ್ತದೆ ಅದು, ಇಲ್ಲದ ಮೆಮೊರಿಯನ್ನು ತಂದುಕೊಡುವುದಿಲ್ಲ. ಅಂಕಿ ತೀರಾ ಸಣ್ಣದಾದರೆ ವಿಂಡೋಸ್ ಏಳುವುದೇ ಇಲ್ಲ. ಹಾಗೆ ಮಾಡಿಕೊಂಡು, ಪ್ರಾಜೆಕ್ಟ್ ಸಲ್ಲಿಸುವ ಹಿಂದಿನ ದಿನ ಕಣ್ಣೀರಿಡುತ್ತ ಬಂದ ಮಕ್ಕಳ ಲ್ಯಾಪ್‌ಟಾಪುಗಳನ್ನು ನಾನು ಸರಿಮಾಡಿ ಕೊಟ್ಟಿದ್ದೇನೆ. ಈಗಾಗಲೇ ಟಿಕ್ ಇದ್ದರೆ ತೆಗೆದು, ಯಂತ್ರವನ್ನು ಮತ್ತೆ ಚಾಲೂ ಮಾಡು.

ನಿನ್ನ 2 ಜಿಬಿ ಎಲ್ಲೂ ಹೋಗಿಲ್ಲ, ಪರದೆಯ ಚಿತ್ರ ಬರೆಯುವ ಕೆಲಸದಲ್ಲಿದೆ. ನಿನ್ನ ಲ್ಯಾಪ್‌ಟಾಪಿನಲ್ಲಿ ಪ್ರತ್ಯೇಕ ಗ್ರಾಫಿಕ್ಸ್ ಕಾರ್ಡ್ ಇಲ್ಲ, ಪ್ರೊಸೆಸರಿನೊಳಗೇ ಗ್ರಾಫಿಕ್ಸ್ ಭಾಗವಿದೆ. ಅದಕ್ಕೆ ಸ್ವಂತ ಮೆಮೊರಿ ಇಲ್ಲದ ಕಾರಣ ಗಣಕ ಏಳುವಾಗಲೇ, ವಿಂಡೋಸ್ ಕಣ್ಣು ಬಿಡುವ ಮುನ್ನವೇ, ಬಯಾಸ್ ಮುಖ್ಯ ರ‍್ಯಾಮ್‌ನಿಂದ ಒಂದು ತುಂಡನ್ನು ಕತ್ತರಿಸಿ ಅದಕ್ಕೆ ಕೊಡುತ್ತದೆ. ನಿನ್ನದರಲ್ಲಿ ಆ ತುಂಡು 2 ಜಿಬಿ. 8192ರಲ್ಲಿ 2048 ಕಳೆದು, ಬಯಾಸ್ ಇತ್ಯಾದಿಗೆ ನೂರು ಎಂಬಿಯ ಆಸುಪಾಸು ಬಿಟ್ಟರೆ 5.9 ಸಿಗುತ್ತದೆ. ಟಾಸ್ಕ್ ಮ್ಯಾನೇಜರ್ ತೆರೆದು, ಪರ್ಫಾರ್ಮೆನ್ಸ್ ವಿಭಾಗದಲ್ಲಿ ಮೆಮೊರಿ ಒತ್ತಿದರೆ ಕೆಳಗೆ ‘ಹಾರ್ಡ್‌ವೇರ್ ರಿಸರ್ವ್ಡ್’ ಎಂಬ ಸಾಲಿನಲ್ಲಿ ಈ ಅಂಕಿ ಕಾಣುತ್ತದೆ. ಗೆಳತಿಯ ಇಂಟೆಲ್ ಯಂತ್ರ ಮೊದಲಿಗೆ ಸಣ್ಣ ತುಂಡನ್ನಷ್ಟೇ ಎತ್ತಿಟ್ಟು, ಬೇಕಾದಾಗ ಹೆಚ್ಚು ಕೇಳಿ ಪಡೆಯುತ್ತದೆ. ಅದಕ್ಕೇ ಅವಳಿಗೆ 7.7.

ಬದಲಾಯಿಸಬಹುದೇ? ಬಯಾಸ್‌ನಲ್ಲಿ ‘ಯುಎಂಎ ಫ್ರೇಮ್ ಬಫರ್’ ಎಂಬ ಆಯ್ಕೆ ಇದ್ದರೆ ಅದನ್ನು 512 ಎಂಬಿಗೆ ಇಳಿಸು. ಆಗ 7.4ರ ಹತ್ತಿರ ಸಿಗುತ್ತದೆ. ಕೋಡ್ ಬರೆಯುವುದು, ಬ್ರೌಸರ್, ಆನ್‌ಲೈನ್ ತರಗತಿ, ಇವಿಷ್ಟೇ ನಿನ್ನ ಕೆಲಸವಾದರೆ ಇಳಿಸುವುದೇ ಒಳ್ಳೆಯದು. ಮೂರು ಆಯಾಮದ ವಿನ್ಯಾಸ, ಆಟ ಹೆಚ್ಚಿದ್ದರೆ 2 ಜಿಬಿ ಹಾಗೇ ಇರಲಿ. ಲ್ಯಾಪ್‌ಟಾಪ್ ತಯಾರಕರಲ್ಲಿ ಹಲವರು ಈ ಆಯ್ಕೆಯನ್ನು ಮುಚ್ಚಿಟ್ಟಿರುತ್ತಾರೆ. ಹಾಗಿದ್ದರೆ ಎರಡನೆಯ ಸ್ಲಾಟ್ ಖಾಲಿ ಇದೆಯೇ ನೋಡು. ಇದ್ದರೆ ಅಷ್ಟೇ ಅಳತೆಯ ಇನ್ನೊಂದು ಪಟ್ಟಿ ಹಾಕಿಸುವುದು ಸಾರ್ಥಕ ಖರ್ಚು. ಒಳಗಿನ ಗ್ರಾಫಿಕ್ಸ್ ಮುಖ್ಯ ರ‍್ಯಾಮನ್ನೇ ನಂಬಿರುವುದರಿಂದ, ಎರಡು ಚಾನೆಲ್‌ಗಳಲ್ಲಿ ಓದಿ ಬರೆಯುವಂತಾದರೆ ಅದೂ ಚುರುಕಾಗುತ್ತದೆ. ಮತ್ತೆ, ಟಾಸ್ಕ್ ಮ್ಯಾನೇಜರಿನ ಜಿಪಿಯು ಪುಟದಲ್ಲಿ ‘ಶೇರ್ಡ್’ ಎಂದು ಇನ್ನೂ ಹಲವು ಜಿಬಿ ಕಂಡರೆ ಹೆದರಬೇಡ. ಅದು ಗ್ರಾಫಿಕ್ಸ್ ಹೆಚ್ಚೆಂದರೆ ಎಷ್ಟು ಕೇಳಬಹುದು ಎಂಬ ಮಿತಿ, ಕಿತ್ತುಕೊಂಡ ಮೊತ್ತವಲ್ಲ.

ಪ್ರಶ್ನೆ: ತುಮಕೂರಿನಲ್ಲಿ ನನ್ನದೊಂದು ಸೈಬರ್ ಸೆಂಟರ್. ಹಳೆಯ ಜಿ41 ಬೋರ್ಡುಗಳಿಗೆಂದು ಬೆಂಗಳೂರಿನ ಎಸ್‌ಪಿ ರಸ್ತೆಯಿಂದ 4 ಜಿಬಿಯ ಡಿಡಿಆರ್3 ಪಟ್ಟಿಗಳನ್ನು ತಂದೆ. ಒಂದು ಗಣಕದಲ್ಲಿ 4 ಜಿಬಿ ಪಟ್ಟಿ 2 ಜಿಬಿ ಎಂದು ಕಾಣುತ್ತದೆ, ಇನ್ನೊಂದು ಬೀಪ್ ಎಂದು ಕೂಗಿ ಸುಮ್ಮನಾಗುತ್ತದೆ. ಅದೇ ಪಟ್ಟಿ ಮಗನ ಹೊಸ ಗಣಕದಲ್ಲಿ ಪೂರ್ತಿ 4 ಜಿಬಿ ತೋರಿಸುತ್ತದೆ. ಇದೇನು?
– ಸೈಬರ್ ಸೆಂಟರ್ ಮಾಲೀಕರು, ತುಮಕೂರು

ಉತ್ತರ: ಪಟ್ಟಿಯನ್ನು ಕೈಯಲ್ಲಿ ಹಿಡಿದು ಅದರ ಮೇಲಿನ ಕಪ್ಪು ಚಿಪ್ಪುಗಳನ್ನು ಎಣಿಸಿ. ಒಂದು ಮಗ್ಗುಲಲ್ಲಿ ಮಾತ್ರ ಎಂಟು ಇದ್ದರೆ ಕಾರಣ ಸಿಕ್ಕಂತೆ.

4 ಜಿಬಿ ಪಟ್ಟಿಯನ್ನು ಎರಡು ಬಗೆಯಲ್ಲಿ ಮಾಡಬಹುದು. 2 ಗಿಗಾಬಿಟ್‌ನ ಹದಿನಾರು ಚಿಪ್ಪುಗಳನ್ನು ಎರಡೂ ಮಗ್ಗುಲಿಗೆ ಕೂರಿಸಬಹುದು, ಇಲ್ಲವೇ 4 ಗಿಗಾಬಿಟ್‌ನ ಎಂಟನ್ನು ಒಂದೇ ಮಗ್ಗುಲಿಗೆ. ಒಟ್ಟು ಒಂದೇ, ಆದರೆ ಒಳಗಿನ ವಿಳಾಸ ಬೇರೆ. ಡಿಡಿಆರ್3ರ 2 ಗಿಗಾಬಿಟ್ ಚಿಪ್ಪಿನ ಸಾಲುಗಳನ್ನು ಆರಿಸಲು ಹದಿನೈದು ವಿಳಾಸ ಬಿಟ್‌ಗಳು ಸಾಕು, 4 ಗಿಗಾಬಿಟ್ ಚಿಪ್ಪಿಗೆ ಹದಿನಾರು ಬೇಕು. ಜಿ41 ಚಿಪ್‌ಸೆಟ್ ರೂಪಿಸಿದಾಗ ಇಂಟೆಲ್ ಬೆಂಬಲಿಸಿದ್ದು 2 ಗಿಗಾಬಿಟ್ ಚಿಪ್ಪುಗಳವರೆಗೆ. ಹದಿನಾರನೆಯ ಬಿಟ್ಟನ್ನು ಅದು ಕಳುಹಿಸುವುದೇ ಇಲ್ಲ. ಒಂದು ವಿಳಾಸ ಬಿಟ್ ಕಡಿಮೆಯಾದರೆ ಮುಟ್ಟಬಹುದಾದ ಮೆಮೊರಿ ಸರಿಯಾಗಿ ಅರ್ಧಕ್ಕೆ ಇಳಿಯುತ್ತದೆ. ಅದಕ್ಕೇ 4 ಇದ್ದದ್ದು 2 ಆಗಿದೆ. ಕೆಲವು ಬೋರ್ಡುಗಳು ಇಷ್ಟಕ್ಕೂ ಒಪ್ಪದೆ ಬೀಪ್ ಮಾಡಿ ನಿಂತುಬಿಡುತ್ತವೆ.

ಹದಿನಾರು ಚಿಪ್ಪುಗಳ ಪಟ್ಟಿ ಕೇಳಿ ತನ್ನಿ. ಜಿ41ಕ್ಕೆ ಒಟ್ಟು ಮಿತಿ 8 ಜಿಬಿ, ಜಿ31ಕ್ಕೆ 4 ಜಿಬಿ, ಎಚ್61ಕ್ಕೆ 16 ಜಿಬಿ. ಇದಕ್ಕಿಂತ ಹೆಚ್ಚು ಕೊಂಡರೆ ದುಡ್ಡು ವ್ಯರ್ಥ. ‘ಎಎಂಡಿಗೆ ಮಾತ್ರ’ ಎಂದು ಅಗ್ಗಕ್ಕೆ ಮಾರುವ ಪಟ್ಟಿಗಳನ್ನೂ ಇಂಟೆಲ್ ಬೋರ್ಡಿಗೆ ತರಬೇಡಿ. ಅವುಗಳ ಚಿಪ್ಪಿನ ಒಳಜೋಡಣೆಯೇ ಬೇರೆ. ಎಸ್‌ಪಿ ರಸ್ತೆಯ ಅಂಗಡಿಗಳವರು ಒಳ್ಳೆಯ ಮಾಲನ್ನೇ ಕೊಡುತ್ತಾರೆ, ಆದರೆ ನಿಮ್ಮ ಬೋರ್ಡ್ ಯಾವುದೆಂದು ನೀವು ಹೇಳದೆ ಅವರಿಗೂ ತಿಳಿಯದು. ಬೋರ್ಡಿನ ಹೆಸರಿರುವ ಭಾಗವನ್ನು ಮೊಬೈಲ್‌ನಲ್ಲಿ ಚಿತ್ರ ತೆಗೆದುಕೊಂಡು ಹೋಗಿ ತೋರಿಸಿ. ಸೇರದಿದ್ದರೆ ಹಿಂದಕ್ಕೆ ತೆಗೆದುಕೊಳ್ಳುತ್ತೇವೆ ಎಂಬ ಮಾತನ್ನು ಬಿಲ್ಲಿನ ಮೇಲೆ ಬರೆಸಿಕೊಳ್ಳಿ.

ಪ್ರಶ್ನೆ: ಕಚೇರಿಯ ಗಣಕಕ್ಕೆ 16 ಜಿಬಿ ಹಾಕಿದ್ದೇವೆ. ಬಯಾಸ್ 16 ತೋರಿಸುತ್ತದೆ. ವಿಂಡೋಸ್ 7 ಕೂಡ 64 ಬಿಟ್‌ನದೇ, ಆದರೂ ಬಳಕೆಗೆ ಬರೀ 8 ಜಿಬಿ.
– ಲೆಕ್ಕಪತ್ರ ಕಚೇರಿಯವರು, ವಿಜಯಪುರ

ಉತ್ತರ: ನಿಮ್ಮದು ಹೋಮ್ ಬೇಸಿಕ್ ಆವೃತ್ತಿಯಾಗಿರಬೇಕು. ಭಾರತದಂಥ ಮಾರುಕಟ್ಟೆಗಳಿಗಾಗಿ ಅಗ್ಗದಲ್ಲಿ ಬಿಟ್ಟ ಆ ಆವೃತ್ತಿಗೆ ಮೈಕ್ರೋಸಾಫ್ಟ್ 8 ಜಿಬಿ ಮಿತಿ ಹಾಕಿತ್ತು. ಹೋಮ್ ಪ್ರೀಮಿಯಂಗೆ 16, ಪ್ರೊಫೆಷನಲ್‌ಗೆ 192 ಜಿಬಿ. ಇಲ್ಲಿ ವಿಳಾಸವೂ ಇದೆ, ಬೋರ್ಡೂ ಸರಿಯಿದೆ, ತಡೆದಿರುವುದು ಪರವಾನಗಿ. ಇಷ್ಟು ಹಳೆಯ ವಿಂಡೋಸ್‌ನಲ್ಲಿ ಜನರ ತೆರಿಗೆ ವಿವರ ಇಟ್ಟುಕೊಳ್ಳುವುದು ಅಪಾಯ, ಬದಲಿಸುವ ಕಾಲ ಬಂದಿದೆ. ಬದಲಿಸುವಾಗ ವಿಂಡೋಸ್ 11 ಆರಿಸಿಕೊಂಡರೆ ಅದು 64 ಬಿಟ್‌ನಲ್ಲಿ ಮಾತ್ರ ಸಿಗುತ್ತದೆ, ಈ ಮಿತಿಯ ಚಿಂತೆ ಇರುವುದಿಲ್ಲ. ಆದರೆ ಹಳೆಯ ಪ್ರೊಸೆಸರ್‌ಗಳನ್ನು ಅದು ಒಪ್ಪುವುದಿಲ್ಲ, ನಿಮ್ಮದನ್ನು ಒಪ್ಪುತ್ತದೆಯೇ ನೋಡಿ. ಬದಲಿಸಿದ ನಂತರವೂ ದೊಡ್ಡ ಎಕ್ಸೆಲ್ ಕಡತ ತೆರೆದಾಗ ‘ಮೆಮೊರಿ ಸಾಲದು’ ಎಂದು ಬಂದರೆ, ನಿಮ್ಮ ಎಕ್ಸೆಲ್ 32 ಬಿಟ್‌ನದೇ ಎಂದು ನೋಡಿ. ಗಣಕದಲ್ಲಿ ಎಷ್ಟೇ ರ‍್ಯಾಮ್ ಇದ್ದರೂ 32 ಬಿಟ್ ತಂತ್ರಾಂಶ ತನ್ನ ವಿಳಾಸದ ಮಿತಿಯಾಚೆ ಕೈ ಚಾಚಲಾರದು.

ಪ್ರಶ್ನೆ: ಸರ್ಕಾರಿ ಪ್ರೌಢಶಾಲೆಯಲ್ಲಿ ಗಣಕ ಕೊಠಡಿ ನೋಡಿಕೊಳ್ಳುತ್ತೇನೆ. ಲಿನಕ್ಸ್ ಇರುವ ಯಂತ್ರಗಳು, 4 ಜಿಬಿ. ಎರಡು ಗಂಟೆ ಬಳಸಿದ ಮೇಲೆ ‘ಫ್ರೀ’ ಆದೇಶ ಕೊಟ್ಟರೆ ಖಾಲಿ ಇರುವುದು 200 ಎಂಬಿಗೂ ಕಡಿಮೆ ಎಂದು ಬರುತ್ತದೆ. ಯಾವ ಪ್ರೋಗ್ರಾಮೂ ತೆರೆದಿಲ್ಲ. ವೈರಸ್ ಇರಬಹುದೇ ಎಂದು ಮಕ್ಕಳು ಕೇಳುತ್ತಾರೆ.
– ಶಿಕ್ಷಕರು, ಚಳ್ಳಕೆರೆ

ಉತ್ತರ: ಗುರುಗಳೇ, ಮಕ್ಕಳು ಪ್ರಶ್ನೆ ಕೇಳುತ್ತಿದ್ದಾರೆ ಎಂಬುದೇ ಸಂತೋಷದ ಸಂಗತಿ. ವೈರಸ್ ಅಲ್ಲ. ಒಮ್ಮೆ ಡಿಸ್ಕ್‌ನಿಂದ ಓದಿದ ಕಡತಗಳನ್ನು ಲಿನಕ್ಸ್ ತಕ್ಷಣ ಮರೆಯುವುದಿಲ್ಲ. ರ‍್ಯಾಮ್‌ನಲ್ಲಿ ಜಾಗ ಸುಮ್ಮನೆ ಬಿದ್ದಿದೆಯಲ್ಲ ಎಂದು ಅಲ್ಲೇ ಇಟ್ಟುಕೊಳ್ಳುತ್ತದೆ. ಮತ್ತೆ ಯಾರಾದರೂ ಅದೇ ಕಡತ ಕೇಳಿದರೆ ಡಿಸ್ಕಿಗೆ ಹೋಗದೆ ಕೊಡುತ್ತದೆ. ಬೇರೆ ಪ್ರೋಗ್ರಾಮಿಗೆ ಜಾಗ ಬೇಕಾದ ಕ್ಷಣದಲ್ಲೇ ಇದನ್ನು ತೆರವು ಮಾಡುತ್ತದೆ. ನೀವು ನೋಡಬೇಕಾದ ಕಾಲಂ ‘ಫ್ರೀ’ ಅಲ್ಲ, ಕೊನೆಯಲ್ಲಿರುವ ‘ಅವೈಲಬಲ್’. 2014ರ ಲಿನಕ್ಸ್ 3.14ರಲ್ಲಿ ಕರ್ನಲ್ (ಲಿನಕ್ಸ್ ವ್ಯವಸ್ಥೆಯ ತಿರುಳು) ತಾನೇ ಈ ಲೆಕ್ಕ ಕೊಡಲು ಆರಂಭಿಸಿತು, ಅದಕ್ಕೂ ಮುಂಚೆ ಎಲ್ಲರೂ ನಿಮ್ಮಂತೆಯೇ ಗಾಬರಿಯಾಗುತ್ತಿದ್ದರು.

ಮಕ್ಕಳಿಗೆ ಒಂದು ಪ್ರಯೋಗ ಮಾಡಿಸಿ. ಗಣಕ ಈಗಷ್ಟೇ ಎದ್ದಾಗ ಲಿಬ್ರೆಆಫೀಸ್ ತೆರೆಯಲು ಎಷ್ಟು ಹೊತ್ತು ಹಿಡಿಯಿತು ಎಂದು ಬರೆದುಕೊಳ್ಳಲಿ. ಅದನ್ನು ಮುಚ್ಚಿ ಮತ್ತೆ ತೆರೆದು ಹೊತ್ತು ನೋಡಲಿ. ಎರಡನೆಯ ಬಾರಿ ಬೇಗ ತೆರೆಯುವುದನ್ನು ಅವರೇ ಕಾಣುತ್ತಾರೆ, ‘ಬಫ್/ಕ್ಯಾಶ್’ ಕಾಲಂನ ಅಂಕಿ ಏರಿರುವುದನ್ನೂ ಕಾಣುತ್ತಾರೆ. ಒಟ್ಟು ಮೊತ್ತ 4ರ ಬದಲು 3.7ರ ಆಸುಪಾಸು ಬರುವುದೂ ಸಹಜ. ಗ್ರಾಫಿಕ್ಸ್ ಮತ್ತು ಬಯಾಸ್ ಪಾಲು ಹೋಗಿ, ಕರ್ನಲ್ ತನಗೆಂದು ಎತ್ತಿಟ್ಟುಕೊಂಡದ್ದೂ ಹೋಗಿ ಉಳಿದದ್ದು ಅದು.

ಪ್ರಶ್ನೆ: 8 ಜಿಬಿ ರ‍್ಯಾಮ್ ಎಂದು ಕೊಂಡ ಮೊಬೈಲ್ ಫೋನಿನಲ್ಲಿ 7.4 ಮಾತ್ರ ತೋರಿಸುತ್ತಿದೆ. ಜಾಹೀರಾತಿನಲ್ಲಿ ‘8+8’ ಎಂದಿತ್ತು.
– ಓದುಗರು, ಬಳ್ಳಾರಿ

ಉತ್ತರ: ಆ 0.6 ಜಿಬಿಯನ್ನು ಫೋನಿನ ಮೋಡೆಮ್, ಕ್ಯಾಮೆರಾ, ಗ್ರಾಫಿಕ್ಸ್, ಭದ್ರತಾ ವಿಭಾಗ ಮೊದಲಾದವಕ್ಕೆ ಮೀಸಲಿಟ್ಟಿರುತ್ತಾರೆ. ಕರೆ ಬಂದಾಗ ಮೋಡೆಮ್ ಜಾಗ ಹುಡುಕುತ್ತ ಕೂರಬಾರದಲ್ಲ. ‘+8’ ಎಂಬುದು ಮಾತ್ರ ರ‍್ಯಾಮ್ ಅಲ್ಲ. ಫೋಟೊ ಇಡುವ ಸ್ಟೋರೇಜಿನಿಂದ ಒಂದು ಭಾಗವನ್ನು ಹಂಚಿ, ಬಳಸದ ಆ್ಯಪ್‌ಗಳ ಮಾಹಿತಿಯನ್ನು ಅಲ್ಲಿಗೆ ಸಾಗಿಸುವ ಏರ್ಪಾಡು. ರ‍್ಯಾಮ್‌ಗೆ ಹೋಲಿಸಿದರೆ ಅದರ ವೇಗ ತುಂಬಾ ಕಡಿಮೆ. ಎರಡನ್ನೂ ಕೂಡಿಸಿ 16 ಎಂದು ದೊಡ್ಡಕ್ಷರದಲ್ಲಿ ಬರೆಯುವುದು ಕೊಳ್ಳುವವರಿಗೆ ಮಾಡುವ ಅನ್ಯಾಯವೆಂದೇ ನಾನು ತಿಳಿಯುತ್ತೇನೆ.

ಪ್ರಶ್ನೆ: ನಾವು ಕುಂದಾಪುರದವರು, ಅಂಗಡಿ ಸಮುದ್ರಕ್ಕೆ ಹತ್ತಿರ. ಪ್ರತಿ ಮಳೆಗಾಲದಲ್ಲಿ ಗಣಕದ ಎರಡು ಪಟ್ಟಿಗಳಲ್ಲಿ ಒಂದು ಕಾಣೆಯಾಗುತ್ತದೆ. 16 ಇದ್ದದ್ದು 8 ಎಂದು ಬರುತ್ತದೆ. ಬಿಚ್ಚಿ ಹಾಕಿದರೆ ಕೆಲವು ವಾರ ಸರಿಯಿರುತ್ತದೆ. ಪಟ್ಟಿ ಬದಲಿಸಬೇಕೇ?
– ಅಂಗಡಿಯವರು, ಕುಂದಾಪುರ

ಉತ್ತರ: ಉಪ್ಪುಗಾಳಿ ಮತ್ತು ತೇವ ಸೇರಿ ಪಟ್ಟಿಯ ಚಿನ್ನದ ಬಣ್ಣದ ಅಂಚಿನ ಮೇಲೂ ಸ್ಲಾಟಿನ ಹಲ್ಲುಗಳ ಮೇಲೂ ಕಿಲುಬಿನ ತೆಳುಪದರ ಕಟ್ಟುತ್ತದೆ. ಬಿಚ್ಚಿ ಹಾಕುವಾಗ ಉಜ್ಜಿ ಆ ಪದರ ಹರಿಯುತ್ತದೆ, ಆಮೇಲೆ ಮತ್ತೆ ಕೂರುತ್ತದೆ. ಗಣಕ ಮುಚ್ಚಿ, ಪ್ಲಗ್ಗನ್ನೇ ಕಿತ್ತು, ಪವರ್ ಗುಂಡಿಯನ್ನು ಕೆಲವು ಸೆಕೆಂಡು ಒತ್ತಿ ಹಿಡಿದು ಉಳಿದ ವಿದ್ಯುತ್ತನ್ನು ಹರಿಸಿಬಿಡಿ. ಲೋಹದ ಪೆಟ್ಟಿಗೆಯನ್ನು ಒಮ್ಮೆ ಮುಟ್ಟಿ ನಂತರ ಪಟ್ಟಿ ತೆಗೆಯಿರಿ. ಮೃದುವಾದ ಬಿಳಿ ರಬ್ಬರಿನಿಂದ ಅಂಚನ್ನು ಹಗುರವಾಗಿ ಒರೆಸಿ, ರಬ್ಬರಿನ ಪುಡಿ ಉಳಿಯದಂತೆ ಒಣ ಕುಂಚದಿಂದ ಗುಡಿಸಿ. ಸ್ಲಾಟಿಗೆ ಬಾಯಿಂದ ಊದಬೇಡಿ, ಉಸಿರಿನ ತೇವ ಇನ್ನಷ್ಟು ಕೇಡು. ಹಾಕುವಾಗ ತುದಿಯ ಕೊಂಡಿ ‘ಟಕ್’ ಎಂದು ಕೂರುವವರೆಗೆ ಒತ್ತಿ.

ಇಷ್ಟಾದರೂ ಕಾಣೆಯಾದರೆ ಒಂದೇ ಪಟ್ಟಿ ಇಟ್ಟು ಎರಡೂ ಸ್ಲಾಟುಗಳಲ್ಲಿ ನೋಡಿ, ಆಮೇಲೆ ಇನ್ನೊಂದನ್ನು ಹಾಗೆಯೇ ನೋಡಿ. ದೋಷ ಪಟ್ಟಿಯ ಜೊತೆ ಹೋದರೆ ಪಟ್ಟಿಯದು. ಯಾವ ಪಟ್ಟಿ ಹಾಕಿದರೂ ಒಂದೇ ಸ್ಲಾಟು ಸತ್ತಂತಿದ್ದರೆ ಪ್ರೊಸೆಸರಿನ ಸಾಕೆಟ್ಟನ್ನೂ ಪರಿಶೀಲಿಸಬೇಕು. ಮೆಮೊರಿ ನಿಯಂತ್ರಕ ಎಎಂಡಿಯಲ್ಲಿ 2003ರಿಂದಲೂ ಇಂಟೆಲ್‌ನಲ್ಲಿ 2008ರಿಂದಲೂ ಪ್ರೊಸೆಸರಿನೊಳಗೇ ಇದೆ. ಅಲ್ಲಿ ಒಂದು ಪಿನ್ನು ಬಾಗಿದ್ದರೂ, ಫ್ಯಾನಿನ ತಿರುಪು ಒಂದು ಕಡೆಗೆ ಅತಿಯಾಗಿ ಬಿಗಿದಿದ್ದರೂ ಒಂದು ಚಾನೆಲ್ ಪೂರ್ತಿ ಮಾಯವಾಗಬಹುದು. ಆ ಕೆಲಸ ಅನುಭವ ಇರುವವರ ಕೈಯಲ್ಲೇ ಆಗಲಿ. ಪಟ್ಟಿಯ ಮೇಲೆಯೇ ಸಂಶಯವಿದ್ದರೆ ಮೆಮ್‌ಟೆಸ್ಟ್86+ ಎಂಬ ಉಚಿತ ತಂತ್ರಾಂಶವನ್ನು ಪೆನ್‌ಡ್ರೈವಿಗೆ ಹಾಕಿ, ಅಂಗಡಿ ಮುಚ್ಚುವಾಗ ಚಾಲೂ ಮಾಡಿ ರಾತ್ರಿಯಿಡೀ ಬಿಡಿ. ಬೆಳಗ್ಗೆ ಒಂದೇ ಒಂದು ದೋಷ ದಾಖಲಾಗಿದ್ದರೂ ಆ ಪಟ್ಟಿಯನ್ನು ಬಳಸಬೇಡಿ. ಎಸೆಯುವ ಮುನ್ನ ಹಳೆಯ ಬಿಲ್ಲು ಹುಡುಕಿ, ಹಲವು ಕಂಪನಿಗಳು ರ‍್ಯಾಮ್‌ಗೆ ಹತ್ತು ವರ್ಷದ ಅಥವಾ ಆಜೀವ ವಾರಂಟಿ ಕೊಟ್ಟಿರುತ್ತವೆ.